ಮಗುವಿನ ಪಾಸ್‌ಪೋರ್ಟ್ ನವೀಕರಣ: ಗಡಿನಾಡಿನ ಮನೆಗಳಲ್ಲಿ ತಡೆ ಬೀಳುವುದೆಲ್ಲಿ?

ಬೇಸಗೆ ರಜೆ ಹತ್ತಿರವಾಗುತ್ತಿದ್ದಂತೆ ಮಂಜೇಶ್ವರ, ಕುಂಬಳೆ, ಬದಿಯಡ್ಕ ಪರಿಸರದ ಅಕ್ಷಯ ಕೇಂದ್ರಗಳಲ್ಲಿ ಒಂದು ಬಗೆಯ ಗಡಿಬಿಡಿ ಕಾಣಸಿಗುತ್ತದೆ. ದುಬೈಯಲ್ಲೋ ದೋಹಾದಲ್ಲೋ ದುಡಿಯುತ್ತಿರುವ ತಂದೆಯ ಬಳಿ ಏಪ್ರಿಲ್, ಮೇ ತಿಂಗಳುಗಳನ್ನು ಕಳೆಯಲು ತಾಯಿಮಕ್ಕಳು ಸಿದ್ಧರಾಗುತ್ತಿರುತ್ತಾರೆ. ತಾಯಿಯ ಪಾಸ್‌ಪೋರ್ಟಿಗೆ ಇನ್ನೂ ನಾಲ್ಕೈದು ವರ್ಷಗಳ ಅವಧಿ ಇದೆ. ಮಗುವಿನದನ್ನು ಕಪಾಟಿನಿಂದ ತೆಗೆದು ನೋಡಿದರೆ ಅವಧಿ ಮುಗಿದಿದೆ, ಇಲ್ಲವೇ ಮುಗಿಯಲು ಎರಡೇ ತಿಂಗಳು ಬಾಕಿ. ಅರ್ಜಿ ಹಾಕಿದರೆ ವಾರದಲ್ಲಿ ಬರಬಹುದೆಂಬ ಭರವಸೆಯಿಂದ ಹೊರಟವರು, ಮಗುವಿನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ರೀತಿಯಲ್ಲಿರುವುದನ್ನು ಆಗಷ್ಟೇ ಗಮನಿಸುತ್ತಾರೆ.

ನವೀಕರಣವೆಂದು ನಾವು ಕರೆಯುವ ಈ ಕೆಲಸ ನಿಯಮದ ಭಾಷೆಯಲ್ಲಿ ಮರುವಿತರಣೆ. ಹಳೆಯ ಪುಸ್ತಕದ ಅವಧಿಯನ್ನು ವಿಸ್ತರಿಸಿ ಮುದ್ರೆಯೊತ್ತಿ ಕೊಡುವ ಪದ್ಧತಿ ಇಲ್ಲ. ಹೊಸ ಸಂಖ್ಯೆಯ ಹೊಸ ಪುಸ್ತಕವೇ ಬರುತ್ತದೆ. ಆದುದರಿಂದ ಪ್ರತಿ ಸಲವೂ ದಾಖಲೆಗಳನ್ನು ಹೊಸದಾಗಿ ನೋಡುವ ಅವಕಾಶ ಅಧಿಕಾರಿಗಿದೆ. ಕಳೆದ ಬಾರಿ ಆಕ್ಷೇಪವಿಲ್ಲದೆ ಸಾಗಿದ ವ್ಯತ್ಯಾಸ ಈ ಬಾರಿಯೂ ಸಾಗೀತೆಂದು ನಂಬುವಂತಿಲ್ಲ.

ವಯಸ್ಕರ ಪಾಸ್‌ಪೋರ್ಟಿಗೆ ಹತ್ತು ವರ್ಷಗಳ ಆಯುಷ್ಯವಾದರೆ, ಮಕ್ಕಳದಕ್ಕೆ ಐದು ವರ್ಷ ಅಥವಾ 18 ತುಂಬುವ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದು. ಯುಎಇ ಸೇರಿದಂತೆ ಅನೇಕ ದೇಶಗಳು ಪ್ರವೇಶದ ವೇಳೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುವುದರಿಂದ ಮಗುವಿನ ಪಾಸ್‌ಪೋರ್ಟ್ ನಿಜವಾಗಿ ಪ್ರಯೋಜನಕ್ಕೆ ಬರುವುದು ನಾಲ್ಕೂವರೆ ವರ್ಷ ಮಾತ್ರ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಮರುವಿತರಣೆಗೆ ಅರ್ಜಿ ಹಾಕಬಹುದು ಎಂಬುದನ್ನು ತಿಳಿದವರು ಕಡಿಮೆ. ಓಣಂ ರಜೆಯಲ್ಲೋ ಕ್ರಿಸ್ಮಸ್ ರಜೆಯಲ್ಲೋ ಮುಗಿಸಬಹುದಾದ ಕೆಲಸವನ್ನು ಮಾರ್ಚ್ ಕೊನೆಗೆ ತಂದು ನಿಲ್ಲಿಸಿಕೊಳ್ಳುವುದು ಈ ಕಾರಣದಿಂದಲೇ.

ಹದಿನೈದು ವರ್ಷ ದಾಟಿದ ಮಕ್ಕಳಿಗೆ ಆಯ್ಕೆಯಿದೆ. 18 ತುಂಬುವವರೆಗಿನ ಪಾಸ್‌ಪೋರ್ಟ್ ಪಡೆಯಬಹುದು, ಇಲ್ಲವೇ ಹತ್ತು ವರ್ಷಗಳ ಪೂರ್ಣಾವಧಿಯದನ್ನು ಕೇಳಬಹುದು. ಮೊದಲನೆಯದಕ್ಕೆ ಶುಲ್ಕ 1000 ರೂಪಾಯಿ, ಎರಡನೆಯದಕ್ಕೆ 1500. ಹದಿನಾರರ ಹುಡುಗನಿಗೆ 1000 ರೂಪಾಯಿ ಕೊಟ್ಟು ಎರಡೇ ವರ್ಷದ ಪುಸ್ತಕ ಪಡೆಯುವುದರಲ್ಲಿ ಯಾವ ಅರ್ಥವೂ ಕಾಣುವುದಿಲ್ಲ. ಹದಿನಾಲ್ಕೂ ಮುಕ್ಕಾಲು ವಯಸ್ಸಿನ ಮಗುವಿನ ಪಾಸ್‌ಪೋರ್ಟ್ ಮುಗಿಯುತ್ತಿದ್ದು, ಪ್ರಯಾಣದ ತುರ್ತು ಇಲ್ಲದಿದ್ದರೆ ಮೂರು ತಿಂಗಳು ಕಾಯುವುದೇ ಲಾಭ.

ಇನ್ನು ಕಾಗದಪತ್ರಗಳ ಮಾತು. ಹಳೆಯ ಪಾಸ್‌ಪೋರ್ಟಿನ ಮೂಲಪ್ರತಿ ಮತ್ತು ಅದರ ಮೊದಲ ಹಾಗೂ ಕೊನೆಯ ಎರಡೆರಡು ಪುಟಗಳ ಸ್ವಯಂ ದೃಢೀಕೃತ ಪ್ರತಿ, ಜನನ ಪ್ರಮಾಣಪತ್ರ, ಈಗಿನ ವಿಳಾಸದ ಪುರಾವೆ, ತಂದೆತಾಯಿಯರ ಪಾಸ್‌ಪೋರ್ಟುಗಳಿದ್ದರೆ ಅವು, ಜತೆಗೆ ಅನುಬಂಧ ‘ಡಿ’ ಎಂಬ ಘೋಷಣೆ. ವಿಳಾಸದ ಪುರಾವೆ ಮಗುವಿನ ಹೆಸರಿನಲ್ಲೇ ಇರಬೇಕೆಂದಿಲ್ಲ, ಹೆತ್ತವರದ್ದು ಸಾಕು. ನಾಲ್ಕು ವರ್ಷಕ್ಕಿಂತ ಕಿರಿಯ ಮಕ್ಕಳಾದರೆ ಬಿಳಿ ಹಿನ್ನೆಲೆಯ ಭಾವಚಿತ್ರವನ್ನು ಒಯ್ಯಬೇಕು. ದೊಡ್ಡ ಮಕ್ಕಳ ಚಿತ್ರವನ್ನು ಕೇಂದ್ರದಲ್ಲೇ ತೆಗೆಯುತ್ತಾರೆ. ಹೆತ್ತವರ ಬಳಿ ಸಿಂಧುವಾದ ಪಾಸ್‌ಪೋರ್ಟ್ ಇದ್ದರೆ ಮಗುವಿನ ಅರ್ಜಿಗೆ ಪೊಲೀಸ್ ಪರಿಶೀಲನೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಆದರೆ ಆ ತೀರ್ಮಾನ ಪಾಸ್‌ಪೋರ್ಟ್ ಅಧಿಕಾರಿಯದು.

ಅನುಬಂಧ ‘ಡಿ’ಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಮಗುವಿಗೆ ಪಾಸ್‌ಪೋರ್ಟ್ ಕೊಡಲು ತಂದೆತಾಯಿ ಇಬ್ಬರೂ ಒಪ್ಪಿದ್ದಾರೆಂದು ಹೇಳುವ ಪತ್ರ ಅದು. 2016ರ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ನಿಯಮಗಳನ್ನು ಸಡಿಲಿಸಿದ ಬಳಿಕ ಇದಕ್ಕೆ ನೋಟರಿಯ ಮುದ್ರೆಯಾಗಲಿ ಛಾಪಾ ಕಾಗದವಾಗಲಿ ಬೇಕಿಲ್ಲ, ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರಾಯಿತು. ಆದರೂ ನೋಟರಿಯ ಬಳಿ ಹಣ ತೆತ್ತು ಬರುವವರು ಇದ್ದಾರೆ. ನಮ್ಮ ಊರಿನ ನಿಜವಾದ ತೊಡಕು ಬೇರೆ. ಸಹಿ ಹಾಕಬೇಕಾದ ತಂದೆ ಸಮುದ್ರದಾಚೆ ಇರುತ್ತಾನೆ. ಅಂಥ ಸಂದರ್ಭದಲ್ಲಿ ಆತ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಒಪ್ಪಿಗೆ ಪತ್ರವನ್ನು ಕಳುಹಿಸಬೇಕು. ಇಬ್ಬರಲ್ಲಿ ಒಬ್ಬರ ಒಪ್ಪಿಗೆ ದೊರೆಯದ ಸ್ಥಿತಿಯಿದ್ದರೆ ಕಾರಣ ವಿವರಿಸಿ ಅನುಬಂಧ ‘ಸಿ’ ಸಲ್ಲಿಸುವ ದಾರಿಯಿದೆ. ಪತಿಯಿಂದ ಬೇರೆಯಾಗಿ ಒಬ್ಬಳೇ ಮಗುವನ್ನು ಸಾಕುತ್ತಿರುವ ತಾಯಿಗೆ ಇದೇ ಆಸರೆ. ಅರ್ಜಿಯಲ್ಲಿ ತಂದೆ ಅಥವಾ ತಾಯಿ, ಯಾರಾದರೂ ಒಬ್ಬರ ಹೆಸರು ಸಾಕೆಂಬುದೂ ಅದೇ 2016ರ ಬದಲಾವಣೆ. ತವರಿಗೆ ಬಂದು ಕುಳಿತ ಹೆಣ್ಣುಮಕ್ಕಳಿಗೆ ಈ ವಿಷಯ ಯಾರೂ ಹೇಳುವುದಿಲ್ಲ. ಶಾಲೆಗಳ ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಾದರೂ ಹೇಳಬಹುದಿತ್ತು.

ಇವಿಷ್ಟು ದೇಶದ ಎಲ್ಲೆಡೆಗೂ ಸಮಾನ. ಗಡಿನಾಡಿನ ಕನ್ನಡ ಮನೆಗಳಿಗೆ ವಿಶೇಷವಾದ ತೊಂದರೆ ಜನನ ಪ್ರಮಾಣಪತ್ರದಿಂದ ಆರಂಭವಾಗುತ್ತದೆ. ಈ ಒಂದು ಕಾಗದದ ತೂಕ ಈಗ ಇನ್ನಷ್ಟು ಹೆಚ್ಚಿದೆ. 2025ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಪಾಸ್‌ಪೋರ್ಟ್ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಅಕ್ಟೋಬರ್ 1ರಂದು ಅಥವಾ ಆ ಬಳಿಕ ಹುಟ್ಟಿದವರಿಗೆ ಜನ್ಮದಿನದ ಪುರಾವೆಯಾಗಿ ಜನನ ಪ್ರಮಾಣಪತ್ರವನ್ನು ಮಾತ್ರ ಸ್ವೀಕರಿಸಲಾಗುವುದೆಂದು ವಿಧಿಸಿತು. ಜನನ-ಮರಣ ನೋಂದಣಿ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ ದಿನವೂ ಅದೇ. ಅದಕ್ಕೆ ಮೊದಲು ಹುಟ್ಟಿದವರಿಗೆ ಶಾಲೆಯ ವರ್ಗಾವಣೆ ಪತ್ರ ಮುಂತಾದ ಬದಲಿ ದಾಖಲೆಗಳ ಅನುಕೂಲ ಮುಂದುವರಿದಿದೆ. ಅಂದರೆ ಈಗ ಶಾಲೆಯಲ್ಲಿರುವ ಅಕ್ಕನಿಗೆ ನಾಲ್ಕು ಬಾಗಿಲುಗಳಿದ್ದರೆ, ಅಂಗನವಾಡಿಗೆ ಹೋಗುವ ತಮ್ಮನಿಗೆ ಒಂದೇ ಬಾಗಿಲು. ಆ ಬಾಗಿಲಿನ ಮೇಲೆ ಹೆಸರು ತಪ್ಪಾಗಿ ಬರೆದಿದ್ದರೆ ಒಳಹೋಗುವ ಬೇರೆ ದಾರಿ ಅವನಿಗಿಲ್ಲ.

ಹೆಸರು ತಪ್ಪುವುದು ಹೇಗೆ? ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆಯಂತಹ ಪಂಚಾಯತುಗಳ ಮನೆಗಳಿಗೆ ಹೆರಿಗೆಯೆಂದರೆ ಮಂಗಳೂರು ಅಥವಾ ದೇರಳಕಟ್ಟೆ. ಕಾಯ್ದೆಯ ಪ್ರಕಾರ ಜನನ ನೋಂದಣಿಯಾಗುವುದು ಮಗು ಹುಟ್ಟಿದ ಸ್ಥಳದಲ್ಲಿ, ಮನೆಯಿರುವ ಸ್ಥಳದಲ್ಲಲ್ಲ. ಹೀಗಾಗಿ ಕೇರಳದ ನಿವಾಸಿಯಾದ ಮಗುವಿಗೆ ಕರ್ನಾಟಕ ಸರಕಾರದ ಪ್ರಮಾಣಪತ್ರ, ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಅದೇ ಮನೆಯ ಇನ್ನೊಂದು ಮಗು ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಹುಟ್ಟಿದ್ದರೆ ಅದಕ್ಕೆ ಮಲಯಾಳ ಮತ್ತು ಇಂಗ್ಲಿಷಿನ ಪ್ರಮಾಣಪತ್ರ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿಗೆ ತಡೆಯೊಡ್ಡಿದ ದಿನಗಳನ್ನು ಇಲ್ಲಿನವರು ಮರೆತಿಲ್ಲ. ಮಂಗಳೂರಿನ ದಾರಿ ಮುಚ್ಚಿದ ಆ ವಾರಗಳಲ್ಲಿ ಗರ್ಭಿಣಿಯರು ದಕ್ಷಿಣಕ್ಕೆ ಮುಖ ಮಾಡಬೇಕಾಯಿತು. ಅಣ್ಣನ ಜನ್ಮದಾಖಲೆ ಒಂದು ರಾಜ್ಯದ್ದು, ತಂಗಿಯದು ಇನ್ನೊಂದು ರಾಜ್ಯದ್ದು ಎಂಬ ಸ್ಥಿತಿ ಗಡಿನಾಡಿಗೆ ಹೊಸದೇನಲ್ಲ. ಆ ವರ್ಷ ಅದು ಇನ್ನಷ್ಟು ಮನೆಗಳಿಗೆ ಬಂತು.

ಶಿವಾನಿ ಎಂಬ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕನ್ನಡದ ರೂಢಿಯಂತೆ ‘ಶ’ಕಾರವನ್ನು ಇಂಗ್ಲಿಷಿನಲ್ಲಿ ಎಸ್ ಮತ್ತು ಎಚ್ ಸೇರಿಸಿ ಬರೆಯುತ್ತೇವೆ. ಮಲಯಾಳದ ಹಳೆಯ ರೂಢಿಯಲ್ಲಿ ಅದೇ ‘ಶ’ಕಾರಕ್ಕೆ ಬರಿಯ ಎಸ್ ಸಾಕು, ಶಂಕರನ್, ಶಶಿ, ಶಿವನ್ ಎಲ್ಲರೂ ಅಲ್ಲಿ ಹಾಗೆಯೇ ಬರೆದುಕೊಳ್ಳುತ್ತಾರೆ. ಅವರ ದೃಷ್ಟಿಯಲ್ಲಿ ಅದು ತಪ್ಪಲ್ಲ, ನಮ್ಮ ದೃಷ್ಟಿಯಲ್ಲಿ ನಮ್ಮದೂ ತಪ್ಪಲ್ಲ. ಆದರೆ ಮಂಗಳೂರಿನ ಜನನ ಪ್ರಮಾಣಪತ್ರದಲ್ಲಿ ಎಚ್ ಇದ್ದು, ಆಧಾರ್ ನೋಂದಣಿಯ ದಿನ ಕುಳಿತ ಸಿಬ್ಬಂದಿ ಎಚ್ ಬಿಟ್ಟು, ಶಾಲೆಯ ದಾಖಲೆಯಲ್ಲಿ ಹೆಸರಿನ ಕೊನೆಗೊಂದು ‘ಕೆ’ ಸೇರಿದರೆ, ಒಂದೇ ಹುಡುಗಿ ಮೂವರಾಗುತ್ತಾಳೆ. ಸತೀಶ, ಪ್ರಶಾಂತ, ಶ್ರೀನಿಧಿ, ಜ್ಞಾನೇಶ ಮುಂತಾದ ಹೆಸರುಗಳಿಗೂ ಇದೇ ಪಾಡು. ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಅರಿಯದ ಶಿಕ್ಷಕರನ್ನು ನೇಮಿಸಿದ್ದು ಈ ಜಿಲ್ಲೆಯಲ್ಲಿ ಪದೇ ಪದೇ ಪ್ರತಿಭಟನೆಗೆ ಕಾರಣವಾಗಿದೆ. ಪಾಠದ ಹಾನಿಯ ಬಗ್ಗೆ ಬಹಳ ಚರ್ಚೆಯಾಗಿದೆ. ಪ್ರವೇಶದ ದಿನ ಮಗುವಿನ ಹೆಸರನ್ನು ಕೇಳಿ ಬರೆದುಕೊಳ್ಳುವವರಿಗೆ ಆ ಹೆಸರಿನ ಉಚ್ಚಾರ ತಿಳಿದಿರಬೇಕೆಂಬ ಸಣ್ಣ ಸಂಗತಿ ಆ ಚರ್ಚೆಯಲ್ಲಿ ಬರಲೇ ಇಲ್ಲ.

ಇದು ಕಾಸರಗೋಡಿಗಷ್ಟೇ ಸೀಮಿತವೂ ಅಲ್ಲ. ತಾಳವಾಡಿ, ಹೊಸೂರು ಕಡೆಯ ಕನ್ನಡ ಮಕ್ಕಳ ಹೆಸರು ತಮಿಳು ಲಿಪಿಯ ಮೂಲಕ ಹಾದುಬರುತ್ತದೆ. ಆ ಲಿಪಿಯಲ್ಲಿ ಕ ಮತ್ತು ಗ, ತ ಮತ್ತು ದ ಒಂದೇ ಅಕ್ಷರವಾದುದರಿಂದ ಇಂಗ್ಲಿಷಿಗೆ ಮರಳುವಾಗ ಹೆಸರು ಬೇರೆಯಾಗುವ ಸಾಧ್ಯತೆಯಿದೆ. ಅಕ್ಕಲಕೋಟೆ, ಜತ್ತ ಭಾಗದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮರಾಠಿ ಕ್ರಮ ಪ್ರಚಲಿತ. ಅಲ್ಲಿನವರಿಗೆ ಪಾಸ್‌ಪೋರ್ಟ್ ಅರ್ಜಿಯ ಉಪನಾಮದ ಕಾಲಂ ತುಂಬುವುದು ನಮಗಿಂತ ಸುಲಭ.

ಆ ಕಾಲಮ್ಮೇ ನಮಗೆ ಕಷ್ಟ. ಕೇರಳದಲ್ಲಿ ಹೆಸರಿನ ಬಳಿಕ ಒಂದು ಅಕ್ಷರ ಹಚ್ಚುವ ವಾಡಿಕೆ, ಅದು ಮನೆತನದ್ದೋ ತಂದೆಯದ್ದೋ ಆಗಿರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಆ ಒಂಟಿ ಅಕ್ಷರಕ್ಕೆ ಸ್ಥಳವಿಲ್ಲ, ಅದನ್ನು ಬಿಡಿಸಿ ಬರೆಯಬೇಕು. ಬಿಡಿಸಲು ಗೊಂದಲವಾಗಿ ಉಪನಾಮವನ್ನು ಖಾಲಿ ಬಿಟ್ಟವರು ಬಹಳ. ಭಾರತದ ನಿಯಮ ಅದನ್ನು ತಡೆಯುವುದಿಲ್ಲ. ಆದರೆ 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು ವಿಮಾನ ಸಂಸ್ಥೆಗಳಿಗೆ ತಿಳಿಸಿದಾಗ ಅನೇಕ ಕುಟುಂಬಗಳ ಪ್ರಯಾಣ ತೂಗುಯ್ಯಾಲೆಯಾಡಿತು. ಬಳಿಕ, ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕೆಂಬ ಸ್ಪಷ್ಟನೆ ಬಂತು. ಮಗುವಿನ ಪುಸ್ತಕ ಹೊಸದಾಗುವ ಈ ಸಂದರ್ಭ ಉಪನಾಮವನ್ನು ಸರಿಪಡಿಸಲು ಒಳ್ಳೆಯ ಅವಕಾಶ. ಮರುವಿತರಣೆಯ ಅರ್ಜಿಯಲ್ಲಿ ವೈಯಕ್ತಿಕ ವಿವರಗಳ ಬದಲಾವಣೆಯನ್ನೂ ಸೇರಿಸಬಹುದು, ಪುರಾವೆ ಇರಬೇಕಷ್ಟೆ. ತಂದೆಯ ಹೆಸರನ್ನು ಉಪನಾಮವಾಗಿಸಬೇಕೋ, ರೈ, ಭಟ್, ಶೆಟ್ಟಿ, ನಾಯ್ಕರಂತಹ ಕುಲನಾಮವನ್ನೋ ಎಂಬುದು ಮನೆಯವರ ಇಚ್ಛೆ. ಅಣ್ಣನಿಗೆ ಒಂದು, ತಂಗಿಗೆ ಇನ್ನೊಂದು ಮಾಡದಿದ್ದರೆ ಮುಂದೆ ಕುಟುಂಬ ವೀಸಾದ ವೇಳೆ ವಿವರಣೆ ಕೊಡುವ ಶ್ರಮ ತಪ್ಪುತ್ತದೆ.

ಹಾಗಾದರೆ ಯಾವ ದಾಖಲೆಯನ್ನು ಯಾವುದಕ್ಕೆ ಹೊಂದಿಸಬೇಕು? ಜನರು ಸಾಮಾನ್ಯವಾಗಿ ಸುಲಭವಾದುದನ್ನು ಬದಲಿಸುತ್ತಾರೆ, ಬದಲಿಸಬೇಕಾದುದನ್ನಲ್ಲ. ಆಧಾರ್ ತಿದ್ದುವುದು ಸುಲಭವೆಂದು ಪ್ರತಿ ಬಾರಿಯೂ ಅದನ್ನೇ ಹೊಸ ಕಾಗದಕ್ಕೆ ಸರಿಯಾಗಿ ತಿದ್ದಿಸಿಕೊಂಡು ಬಂದರೆ ಮೂಲದ ವ್ಯತ್ಯಾಸ ಉಳಿದೇ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಜನನ ಪ್ರಮಾಣಪತ್ರವೇ ಬೇರು. ಅದು ಸರಿಯಿದ್ದರೆ ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸಬೇಕು. ಅದೇ ತಪ್ಪಾಗಿದ್ದರೆ ಮೊದಲು ಅದನ್ನು ಸರಿಪಡಿಸಿ ಆಮೇಲೆ ಪಾಸ್‌ಪೋರ್ಟಿನ ಕಡೆ ಹೋಗಬೇಕು. ಜನನ ನೋಂದಣಿಯಲ್ಲಿ ಹೆಸರೇ ಬರೆಸದೆ ಬಿಟ್ಟವರಿದ್ದಾರೆ. ಹೆರಿಗೆಯ ದಿನ ನಾಮಕರಣವಾಗಿರುವುದಿಲ್ಲ, ಮತ್ತೆ ಆಸ್ಪತ್ರೆಯ ಕಡೆ ಹೋಗಲು ಕಾರಣವೂ ಇರುವುದಿಲ್ಲ. ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆ ಬಳಿಕ 15 ವರ್ಷಗಳ ತನಕ ವಿಳಂಬ ಶುಲ್ಕ ಕೊಟ್ಟು ಸೇರಿಸಬಹುದು. ಅಕ್ಷರ ತಪ್ಪಿದ್ದರೆ ನೋಂದಣಾಧಿಕಾರಿಗೆ ಪುರಾವೆಯೊಂದಿಗೆ ಅರ್ಜಿ ಕೊಡಬೇಕು. ಮಂಗಳೂರಿನಲ್ಲಿ ಹುಟ್ಟಿದ ಮಗುವಿನ ತಿದ್ದುಪಡಿ ಮಂಗಳೂರಿನಲ್ಲೇ ಆಗಬೇಕು. ನಮ್ಮ ಪಂಚಾಯತಿನಲ್ಲಿ ಎಷ್ಟು ವಿನಂತಿಸಿದರೂ ಅವರಿಗೆ ಆ ಅಧಿಕಾರವಿಲ್ಲ.

ಕೇರಳದಲ್ಲಿ ನೋಂದಾಯಿತ ಮಕ್ಕಳ ವಿಚಾರ ಸ್ವಲ್ಪ ಭಿನ್ನ. ಸ್ಥಳೀಯ ಸಂಸ್ಥೆಗಳ ಸೇವೆಗಳು ಈಗ ಕೆ-ಸ್ಮಾರ್ಟ್ ಜಾಲತಾಣಕ್ಕೆ ಸೇರಿವೆ. 2024ರ ಜನವರಿಯಲ್ಲಿ ನಗರಸಭೆಗಳಲ್ಲಿ, ಮರುವರ್ಷ ಗ್ರಾಮ ಪಂಚಾಯತುಗಳಲ್ಲಿ. ಮನೆಯಿಂದಲೇ ಅರ್ಜಿ ಹಾಕಬಹುದೆಂಬ ಅನುಕೂಲ ದೊಡ್ಡದು. ಆದರೆ ಕಾಗದದ ಕಾಲದಲ್ಲಿ ಕನ್ನಡದಲ್ಲಿ ಬರೆದು ಕೊಟ್ಟು ಕನ್ನಡದಲ್ಲೇ ಉತ್ತರ ಕೇಳುವ ಹಕ್ಕು ನಮಗಿತ್ತು, ಈಗಲೂ ಇದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಭಾಷಾ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಸಂವಿಧಾನದ 350ನೆಯ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಕಂಪ್ಯೂಟರಿನ ಪರದೆಗೆ ಬಂದಾಗ ಈ ಹಕ್ಕು ಮಸುಕಾಗುತ್ತದೆ. ಜನನ ನೋಂದಣಿಯ ನಮೂನೆಯಲ್ಲಿ ಮಗುವಿನ ಹೆಸರನ್ನು ಕನ್ನಡದಲ್ಲಿ ಬರೆಯಲು ಒಂದು ಸಾಲು ಇದ್ದಿದ್ದರೆ, ಇಂಗ್ಲಿಷ್ ಕಾಗುಣಿತ ನೋಡಿ ಅನುಮಾನ ಬಂದಾಗ ಮೂಲ ಉಚ್ಚಾರ ಯಾವುದೆಂದು ಯಾರಾದರೂ ತಿಳಿಯಬಹುದಿತ್ತು. ನಾಮಫಲಕಗಳಲ್ಲಿ ಕನ್ನಡ ಬೇಕೆಂದು ಕೇಳುವ ನಮ್ಮ ಸಂಘಟನೆಗಳು ಈ ಸಾಲಿಗಾಗಿಯೂ ಕೇಳಬೇಕು. ಬಸ್ಸಿನ ಫಲಕಕ್ಕಿಂತ ಇದರ ಪ್ರಯೋಜನ ಮನೆಮನೆಗೆ ಹೆಚ್ಚು ಮುಟ್ಟುತ್ತದೆ.

ಅರ್ಜಿ ಹಾಕುವ ಸ್ಥಳದ ವಿಚಾರದಲ್ಲಿ ಗಡಿನಾಡಿಗೊಂದು ಅನುಕೂಲವಿದೆ. ಕಾಸರಗೋಡು ಜಿಲ್ಲೆ ಕೋಝಿಕ್ಕೋಡ್ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಸೇರಿದ್ದು, ಕಾಸರಗೋಡಿನ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ, ಪಯ್ಯನ್ನೂರಿನಲ್ಲಿ ದೊಡ್ಡ ಕೇಂದ್ರವಿದೆ. ಆದರೆ 2018ರಿಂದ ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಸಲ್ಲಿಸಬಹುದು. ಹೊಸಂಗಡಿಯವರು ಮಂಗಳೂರಿನ ಕೇಂದ್ರವನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ. ಪರಿಶೀಲನೆ ಬೇಕಾದರೆ ಅದು ಅರ್ಜಿಯಲ್ಲಿರುವ ವಿಳಾಸದಲ್ಲೇ ನಡೆಯುತ್ತದೆ, ಪುಸ್ತಕವೂ ಅದೇ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತದೆ. ಜನನ ಪ್ರಮಾಣಪತ್ರದ ತಿದ್ದುಪಡಿಗಾಗಿ ಹೇಗೂ ಮಂಗಳೂರಿಗೆ ಹೋಗಬೇಕಾದವರು ಎರಡು ಕೆಲಸಗಳನ್ನೂ ಅಲ್ಲೇ ಮುಗಿಸಿಕೊಳ್ಳಬಹುದು. ಒಂದು ಎಚ್ಚರ: ಶುಲ್ಕ ಪಾವತಿ ಮತ್ತು ಸಮಯ ಕಾದಿರಿಸುವಿಕೆ ವಿದೇಶಾಂಗ ಸಚಿವಾಲಯದ ಅಧಿಕೃತ ಜಾಲತಾಣದಲ್ಲಿ ಮಾತ್ರ. ಅದೇ ರೂಪದ ನಕಲಿ ತಾಣಗಳ ಬಗ್ಗೆ ಸಚಿವಾಲಯವೇ ಎಚ್ಚರಿಸಿದೆ. 2000 ರೂಪಾಯಿ ಹೆಚ್ಚುವರಿ ಕೊಟ್ಟು ತತ್ಕಾಲ್‌ನಲ್ಲಿ ಹಾಕಿದರೆ ಹೆಸರಿನ ವ್ಯತ್ಯಾಸ ಮುಚ್ಚಿಹೋಗುತ್ತದೆಂದು ಕೆಲವರು ಹೇಳುವುದುಂಟು. ತತ್ಕಾಲ್ ಅವಸರವನ್ನಷ್ಟೇ ನೋಡಿಕೊಳ್ಳುತ್ತದೆ, ಅಕ್ಷರವನ್ನಲ್ಲ.

ಆಧಾರ್ ವಿಷಯದಲ್ಲೂ ಒಂದು ಮಾತು. ಐದು ವರ್ಷ ತುಂಬಿದಾಗ ಮತ್ತು ಹದಿನೈದು ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತುಗಳ ಕಡ್ಡಾಯ ನವೀಕರಣವಿದೆ. ಅಂದು ಕೇಂದ್ರಕ್ಕೆ ಹೋದಾಗ ಜನನ ಪ್ರಮಾಣಪತ್ರವನ್ನು ಜತೆಗೊಯ್ದು ಹೆಸರಿನ ಕಾಗುಣಿತವನ್ನೂ ಸರಿಪಡಿಸಿಕೊಂಡರೆ ಇನ್ನೊಂದು ಅಲೆದಾಟ ಉಳಿಯುತ್ತದೆ.

ಶಾಲೆಯ ದಾಖಲೆಗೆ ಮಾತ್ರ ಕಾಲದ ಗಡಿಯೊಂದಿದೆ. ನಮ್ಮ ಮಕ್ಕಳ ವಿವರಗಳು ‘ಸಂಪೂರ್ಣ’ ತಂತ್ರಾಂಶದಲ್ಲಿವೆ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಹೋಗುವ ಮೊದಲು ಮುಖ್ಯೋಪಾಧ್ಯಾಯರ ಹಾಗೂ ಶಿಕ್ಷಣಾಧಿಕಾರಿಗಳ ಮಟ್ಟದಲ್ಲೇ ತಿದ್ದುಪಡಿ ಸಾಧ್ಯ. ಎಸ್ಎಸ್ಎಲ್‌ಸಿ ಪ್ರಮಾಣಪತ್ರ ಮುದ್ರಣವಾದ ಮೇಲೆ ತಿರುವನಂತಪುರದ ಪರೀಕ್ಷಾ ಭವನದ ಬಾಗಿಲು ಬಡಿಯಬೇಕಾಗುತ್ತದೆ, ಹೆಸರನ್ನೇ ಬದಲಿಸುವುದಾದರೆ ಗೆಜೆಟ್ ಪ್ರಕಟಣೆಯ ದೀರ್ಘ ದಾರಿ. ಮಗು ಹದಿನೆಂಟು ದಾಟಿ ಕೆಲಸಕ್ಕೆಂದು ಗಲ್ಫಿಗೆ ಹೊರಟಾಗ ಈ ಪ್ರಮಾಣಪತ್ರಕ್ಕೆ ಇನ್ನೊಂದು ಬೆಲೆ ಬರುತ್ತದೆ. ಹತ್ತನೆಯ ತರಗತಿ ತೇರ್ಗಡೆಯಾದವರ ಪಾಸ್‌ಪೋರ್ಟಿಗೆ ವಲಸೆ ಪರಿಶೀಲನೆಯ ನಿರ್ಬಂಧ ಅನ್ವಯಿಸುವುದಿಲ್ಲ. ಹದಿನೆಂಟರ ಒಳಗಿನ ಮಕ್ಕಳಿಗೆ ಆ ವಿನಾಯಿತಿ ತಾನಾಗಿಯೇ ಇದೆ, ಆಮೇಲೆ ಪುರಾವೆ ತೋರಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಪಡೆದ ಎಸ್ಎಸ್ಎಲ್‌ಸಿಯೂ ಇದಕ್ಕೆ ಸಂಪೂರ್ಣ ಮಾನ್ಯ. ಮಾಧ್ಯಮದ ಕಾರಣಕ್ಕೆ ವಿದೇಶದ ದಾರಿ ಮುಚ್ಚುತ್ತದೆಂಬ ಮಾತನ್ನು ನಂಬಿ ಮಗುವನ್ನು ಶಾಲೆಯಿಂದ ಬಿಡಿಸಿದವರು ಯಾರಾದರೂ ಇದ್ದರೆ, ಅವರಿಗೆ ತಪ್ಪು ಮಾಹಿತಿ ಸಿಕ್ಕಿದೆ.

ಈ ವರ್ಷ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿರುವ ಮಕ್ಕಳ ಹೆತ್ತವರು ಶಾಲೆಗೆ ಹೋಗಿ ದಾಖಲೆಯ ಒಂದು ಮುದ್ರಿತ ಪ್ರತಿಯನ್ನು ಕೇಳಲಿ. ಜತೆಯಲ್ಲಿ ಜನನ ಪ್ರಮಾಣಪತ್ರ ಮತ್ತು ಮಗುವಿನ ಪಾಸ್‌ಪೋರ್ಟನ್ನು ಇಟ್ಟುಕೊಂಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಮಗುವಿನಿಂದಲೇ ಓದಿಸಲಿ. ವ್ಯತ್ಯಾಸ ಕಂಡರೆ ಅಂದೇ ಕನ್ನಡದಲ್ಲೇ ಅರ್ಜಿ ಬರೆದು, ಸ್ವೀಕೃತಿಯ ಮುದ್ರೆಯಿರುವ ಪ್ರತಿಯನ್ನು ಪಡೆದುಕೊಂಡೇ ಮನೆಗೆ ಬರಲಿ.